ಕೈಯಾಡಿಸದ ಕೆಸು

ಲಂಡನ್ನಿನಲ್ಲಿ ನಮ್ಮದೊಂದು ಊಟದ ಗುಂಪು ಉಂಟು. ವರ್ಷಕ್ಕೆ ನಾಲ್ಕೈದು ಸಲ ಯಾರದಾದರೂ ಮನೆಯಲ್ಲಿ ಸೇರುವುದು, ಒಬ್ಬೊಬ್ಬರು ಒಂದೊಂದು ಮಾಡಿ ತರುವುದು. ಯಾರು ಏನು ತರಬೇಕೆಂಬ ಪಟ್ಟಿ ವಾರ ಮೊದಲೇ ಫೋನಿಗೆ ಬರುತ್ತದೆ. ಪಟ್ಟಿ ಮಾಡುವವರು ಪಿನ್ನರ್‌ನಲ್ಲಿರುವ ನನ್ನ ಅತ್ತಿಗೆ, ಗಂಡನ ಅಕ್ಕ. ಅವರು ಡಾಕ್ಟರು. ಮೂವತ್ತು ವರ್ಷ ವಾರ್ಡು ಆಳಿದವರಿಗೆ ಒಂದು ಊಟದ ಪಟ್ಟಿ ಏನು ಮಹಾ? ಮೈಸೂರಿನವರ ಹೆಸರಿನ ಎದುರು ಬಿಸಿಬೇಳೆಬಾತ್, ಧಾರವಾಡದ ಡಾಕ್ಟರ ಮನೆಗೆ ಎಣಗಾಯಿ, ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಹೊಸಬರಿಗೆ ಅಂಗಡಿಯಲ್ಲಿ ಸಿಗುವ ಸ್ವೀಟು. ನಾವು ಮಂಗಳೂರು ಕಡೆಯವರಾದ್ದರಿಂದ ನನ್ನ ಎದುರು ಬಹಳ ಕಾಲ ‘ಪತ್ರೊಡೆ’ ಎಂದೇ ಇತ್ತು, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವುದು. ಆಮೇಲೆ ಎರಡು ವರ್ಷ ‘ಪೇಪರ್ ಪ್ಲೇಟು, ಲೋಟ’ ಎಂದಾಯಿತು.

ಪೇಪರ್ ಪ್ಲೇಟು ಎಂದರೆ ಏನರ್ಥವೆಂದು ನಮ್ಮ ಗುಂಪಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಚ್ಚಲು ಬಾರದವರಿಗೆ, ಹೊಸದಾಗಿ ಬಂದು ಇನ್ನೂ ಕುಕ್ಕರ್ ತೆಗೆದುಕೊಳ್ಳದವರಿಗೆ ಇಟ್ಟ ಜಾಗ ಅದು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಅಲ್ಲಿ ಹೋಗಿ ಕೂತೆ.

ಆದದ್ದು ಇಷ್ಟೇ. ಹಿಂದಿನ ಒಂದು ಊಟದಲ್ಲಿ ಬೆಂಗಳೂರಿನ ಒಬ್ಬ ತರುಣ ನನ್ನ ಪತ್ರೊಡೆ ತಿಂದು, “ಆಂಟಿ, ಸೂಪರ್, ಆದ್ರೆ ಹುಳಿ ಸ್ವಲ್ಪ ಜಾಸ್ತಿ ಆಯ್ತು” ಅಂದಿದ್ದ. ಸರಿ, ಎಲ್ಲ ಊರಿನವರೂ ತಿನ್ನುವುದಲ್ಲವಾ ಎಂದು ಮುಂದಿನ ಸಲ ಹುಣಸೆಹಣ್ಣು ಅರ್ಧಕ್ಕೆ ಇಳಿಸಿದೆ. ಸಾಲದ್ದಕ್ಕೆ ಕೆಸುವಿನ ಎಲೆಯನ್ನು ಇಲ್ಫರ್ಡ್‌ನ ಮಾಮೂಲು ಅಂಗಡಿ ಬಿಟ್ಟು ಬೇರೆ ಕಡೆ ತಂದೆ. ನೋಡಲಿಕ್ಕೆ ಅದೇ ಎಲೆ, ಜಾತಿ ಯಾವುದೋ. ನನಗೆ ಅಡುಗೆಯನ್ನೂ ಮಾತನ್ನೂ ಕಲಿಸಿದ ದೊಡ್ಡಮ್ಮ ಕೆಸುವಿನ ಎಲೆ ಮುಟ್ಟುವ ಮೊದಲು ಹುಣಸೆಹಣ್ಣಿನ ಭರಣಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಕೆಸುವಿನ ತುರಿಕೆಗೆ ಹುಳಿಯೇ ಮದ್ದು, ಅದರಲ್ಲಿ ಕೈ ಬಿಗಿ ಹಿಡಿಯಬಾರದು ಎಂದು ಸಾವಿರ ಸಲ ಹೇಳಿದ್ದರು. ನಾನು ಹಿಡಿದೆ.

ಪಿನ್ನರ್‌ನ ಅತ್ತಿಗೆಯ ಮನೆಯಲ್ಲಿ ಮೊದಲು ಕೆಮ್ಮಿದವರು ಧಾರವಾಡದ ಡಾಕ್ಟರು. “ಏನ್ರಿ ಅಕ್ಕಾರ ಇದು, ಗಂಟಲಾಗ ಇರವಿ ಹರದಾಡಿಧಾಂಗ ಆಗಾಕತ್ತೈತಿ” ಎಂದರು. ಆಮೇಲೆ ಎಲ್ಲರದೂ ಅದೇ ಕಥೆ. ಅತ್ತಿಗೆ ಫ್ರಿಜ್ಜಿನಲ್ಲಿದ್ದ ಮೊಸರನ್ನೆಲ್ಲ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲ ಶಮನವಾಯಿತು. ಆದರೆ ಅಷ್ಟು ಜನ ಒಟ್ಟಿಗೆ ಮೊಸರು ಕುಡಿಯುತ್ತ ನನ್ನನ್ನು ನೋಡಿದ ನೋಟ ಉಂಟಲ್ಲ, ಅದು ಶಮನವಾಗಲಿಲ್ಲ. ಮುಂದಿನ ಪಟ್ಟಿಯಲ್ಲಿ ನಾನು ಪ್ಲೇಟಿಗೆ ಬಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಹೋದ ಜೂನ್ ತಿಂಗಳಿನಲ್ಲಿ ನಾವು ಲಂಡನ್ನಿನಲ್ಲೇ ಮನೆ ಇಟ್ಟುಕೊಂಡು ಲಂಡನ್ನಿನಲ್ಲೇ ಹೋಟೆಲಿಗೆ ಹೋಗಿ ಉಳಿದದ್ದು ಇದೇ ಕಾರಣಕ್ಕೆ. ಇಲ್ಫರ್ಡ್‌ನ ನಮ್ಮ ಸಾಲುಮನೆಗೆ ಇರುವುದು ಒಂದೇ ಬಾತ್‌ರೂಮು. ಅದನ್ನು ಪೂರ್ತಿ ಕಿತ್ತು ಹೊಸದು ಹಾಕಬೇಕಾಯಿತು. ಕೆಲಸದವನು ನಾಲ್ಕು ದಿನ ಅಂದ.

“ಅಕ್ಕನ ಮನೆಗೆ ಹೋಗುವ. ಅಲ್ಲಿ ಮೂರು ಬಾತ್‌ರೂಮು ಉಂಟು” ಎಂದರು ನನ್ನ ಗಂಡ.

“ನೀವು ಹೋಗಿ. ನಾನು ಇಲ್ಲೇ ಬಕೆಟ್ ಇಟ್ಟುಕೊಂಡು ಇರ್ತೇನೆ.”

“ಪ್ಲೇಟಿನ ವಿಷಯವಾ?”

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯ. ಒಳಗಿನದ್ದು ಕಾಣಲಿಕ್ಕೆ ಅವರಿಗೆ ನನ್ನ ಮಾತು ಬೇಕಾಗುವುದಿಲ್ಲ. ಅದೇ ಸಂಜೆ ಮಗಳಿಗೆ ಫೋನು ಮಾಡಿ ಹೇಸ್‌ನಲ್ಲಿ ಒಂದು ಹೋಟೆಲು ನೋಡಿಸಿದರು. ಎಲಿಜಬೆತ್ ಲೈನ್ ರೈಲನ್ನು ಊರಿನ ಪೂರ್ವದಲ್ಲಿ ಹತ್ತಿ ಪಶ್ಚಿಮದಲ್ಲಿ ಇಳಿಯುವ ಪ್ರವಾಸ. ಮಧ್ಯದಲ್ಲಿ ಇಡೀ ಲಂಡನ್ನು ನೆಲದ ಮೇಲೆ ಹಾದುಹೋಯಿತು, ನಾವು ನೆಲದ ಅಡಿಯಲ್ಲಿ ಸೂಟ್‌ಕೇಸು ಹಿಡಿದು ಕೂತಿದ್ದೆವು. ಸೂಟ್‌ಕೇಸಿನಲ್ಲಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ಅದು ಗಂಡನ ಜೀವವಿಮೆ.

ಹೇಸ್ ನೋಡಲಿಕ್ಕೆ ಹೋಗುವ ಊರಲ್ಲ. ಗೋದಾಮುಗಳು, ಆಫೀಸುಗಳು, ತಲೆಯ ಮೇಲೆ ಹೊಟ್ಟೆ ತೋರಿಸುತ್ತ ಹೋಗುವ ವಿಮಾನಗಳು. ಆದರೆ ಹೋಟೆಲಿನ ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡದ್ದೇ ತಡ, ಹೊರಗಿನ ಸದ್ದೆಲ್ಲ ನಿಂತುಹೋಯಿತು. ಕೋಣೆ ಐದನೆಯ ಮಹಡಿಯಲ್ಲಿ. ಹಾಸಿಗೆಯ ಮೇಲೆ ಆರು ದಿಂಬು. ಇಬ್ಬರಿಗೆ ಆರು ದಿಂಬು ಯಾಕೆಂದು ಗಂಡ ಬಹಳ ಹೊತ್ತು ಲೆಕ್ಕ ಹಾಕಿದರು. ಬಾತ್‌ರೂಮಿಗೆ ಹೋದವರು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಬಿಸಿನೀರು ಮುಗಿಯುವುದಿಲ್ಲ ಎಂಬುದನ್ನು ಪರೀಕ್ಷೆ ಮಾಡುತ್ತಿದ್ದರಂತೆ. ಆ ನಾಲ್ಕು ದಿನ ದಿನಕ್ಕೆ ಎರಡು ಸಲ ಪರೀಕ್ಷೆ ನಡೆಯಿತು.

ನನಗೆ ಬೇರೆಯೇ ಒಂದು ಕಾಯಿಲೆ. ಮರುದಿನ ಬೆಳಿಗ್ಗೆ ಎದ್ದವಳೇ ಹೊದಿಕೆ ಕೊಡವಿ, ಹಾಸಿಗೆ ಸರಿಮಾಡಿ, ಒದ್ದೆ ಟವೆಲು ಮಡಚಿಟ್ಟು, ಸಿಂಕು ಒರೆಸಿದೆ. ಕೋಣೆ ಶುಚಿ ಮಾಡುವ ಹೆಂಗಸು ಬಾಗಿಲಲ್ಲಿ ನಿಂತು ಒಳಗೆ ನೋಡಿ, “ನೀವು ನಿನ್ನೆ ರಾತ್ರಿ ಇಲ್ಲಿ ಮಲಗಲಿಲ್ಲವಾ?” ಎಂದು ಕೇಳಿದಳು.

“ಮಲಗಿದ್ದಳು, ಕೈ ಸುಮ್ಮನಿರುವುದಿಲ್ಲ ಅಷ್ಟೇ” ಎಂದು ಗಂಡ ನನ್ನ ಪರವಾಗಿ ಉತ್ತರ ಕೊಟ್ಟರು.

ಆ ಹೋಟೆಲಿನಲ್ಲಿ ಸಂಜೆಯ ಊಟದ ಒಂದು ವಿಶೇಷವಿತ್ತು. ಅಡುಗೆಮನೆಯಲ್ಲಿ ಮೂವರು ಫಿಲಿಪೀನ್ಸಿನವರು, ಮೂವರೂ ಬೇರೆ ಬೇರೆ ಸೀಮೆಯವರು. ಬೇಸಿಗೆಯಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಸಂಜೆ ತಮ್ಮ ಊರಿನ ಅಡುಗೆ ಮಾಡುತ್ತಿದ್ದರು. ಬೇಡವಾದವರಿಗೆ ಚಿಪ್ಸು, ಬರ್ಗರು ಇದ್ದೇ ಇತ್ತು. ನನ್ನ ಗಂಡ ಮೊದಲ ಸಂಜೆ ಬರ್ಗರಿನ ಕಡೆಯವರು, ನಾನು ಫಿಲಿಪೀನ್ಸಿನ ಕಡೆಯವಳು.

ಮೊದಲ ಸಂಜೆ ಉತ್ತರದ ಸೀಮೆಯವನ ಸರದಿ. ಬದನೆ, ಬೆಂಡೆ, ಅಲಸಂಡೆ, ಕುಂಬಳಕಾಯಿ, ನಡುವೆ ಹಾಗಲಕಾಯಿಯ ದಪ್ಪ ಹೋಳು. ಎಲ್ಲ ಸೇರಿ ಒಂದು ಪಲ್ಯ. ಮೇಲೆ ಉಪ್ಪಿನಲ್ಲಿ ಹುದುಗಿಸಿದ ಮೀನಿನ ರಸ. ತಟ್ಟೆ ಮೇಜಿಗೆ ಬಂದಾಗ ಆ ವಾಸನೆಗೆ ಪಕ್ಕದ ಮೇಜಿನ ಬಿಳಿಯ ದಂಪತಿ ತಿರುಗಿ ನೋಡಿದರು. ನಾವೂ ತಿರುಗಿ ನೋಡಿದೆವು, ಆದರೆ ಬೇರೆ ಕಾರಣಕ್ಕೆ. ಅದು ನಮ್ಮ ಕಡಲ ಕರೆಯಲ್ಲಿ ಒಣಮೀನು ಹುರಿಯುವ ಮನೆಯ ವಾಸನೆ. ಗಂಡ ಬರ್ಗರು ಅರ್ಧಕ್ಕೆ ಬಿಟ್ಟರು. “ಸ್ವಲ್ಪ ಈ ಕಡೆ ತಳ್ಳು” ಎಂದರು.

ಎರಡನೆಯ ಸಂಜೆ ನಡುವಿನ ದ್ವೀಪಗಳವನದು. ನಿಂಬೆಹುಲ್ಲು ಹಾಕಿ ಕೆಂಡದ ಮೇಲೆ ಸುಟ್ಟ ಕೋಳಿ, ಮತ್ತೆ ವಿನಿಗರಿನಲ್ಲಿ ನೆನೆಸಿಟ್ಟ ಹಸಿ ಮೀನು, ಅದಕ್ಕೆ ಶುಂಠಿ, ಈರುಳ್ಳಿ, ಹಸಿಮೆಣಸು. ಬೆಂಕಿ ಕಾಣದ ಮೀನನ್ನು ನಾವು ಆವರೆಗೆ ತಿಂದವರಲ್ಲ. ನಾನು ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದೆ. ಹುಳಿಯೇ ಮೀನನ್ನು ಬೇಯಿಸಿಬಿಟ್ಟಿತ್ತು. ಇದನ್ನು ದೊಡ್ಡಮ್ಮನಿಗೆ ತೋರಿಸಬೇಕಿತ್ತು ಎಂದು ಅನ್ನಿಸಿತು. ಹುಳಿಯ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ಅವರೂ ಕಂಡಿರಲಿಕ್ಕಿಲ್ಲ.

ಮೂರನೆಯ ಸಂಜೆ ಬಿಕೋಲ್ ಎಂಬ ಸೀಮೆಯದು. ಅಡುಗೆಯಾಕೆ ಐವತ್ತೈದು ದಾಟಿದವರು. ಗಿಡ್ಡ ದೇಹ, ಗಟ್ಟಿ ದನಿ. ಮೇಜಿನಿಂದ ಮೇಜಿಗೆ ಬಂದು ತಾವೇ ಹೇಳುತ್ತಿದ್ದರು: “ಮೇಡಂ, ನಮ್ಮಲ್ಲಿ ಬೆಂಕಿ ಉಗುಳುವ ಬೆಟ್ಟ ಉಂಟು, ತೆಂಗು ಉಂಟು, ಮೆಣಸು ಉಂಟು. ಮೊನ್ನೆ ಉತ್ತರದವನು ಹಾಗಲಕಾಯಿ ಕೊಟ್ಟು ನಿಮ್ಮನ್ನು ಹೆದರಿಸಿದನಾ? ಪಾಪ, ಅವರಿಗೆ ತೆಂಗಿನಕಾಯಿ ಸುಲಿಯಲಿಕ್ಕೇ ಗೊತ್ತಿಲ್ಲ.” ಮೈಸೂರಿನವರ ಬಿಸಿಬೇಳೆಬಾತನ್ನು ನೋಡಿ ಧಾರವಾಡದ ಡಾಕ್ಟರು ಆಡುವ ಚುಚ್ಚುಮಾತು ನೆನಪಾಗಿ ನಾನು ನಕ್ಕೆ.

ಆಕೆ ನನ್ನ ಎದುರು ಇಟ್ಟ ಬಟ್ಟಲಿನಲ್ಲಿ ಕಡುಹಸಿರು ಬಣ್ಣದ, ಎಣ್ಣೆ ಬಿಟ್ಟುಕೊಂಡ, ಗಟ್ಟಿಯಾದ ಏನೋ ಇತ್ತು.

“ಯಾವ ಸೊಪ್ಪು?” ಎಂದು ಕೇಳಿದೆ.

ಆಕೆ ಫೋನಿನಲ್ಲಿ ಎಲೆಯ ಚಿತ್ರ ತೋರಿಸಿದರು. ಹೃದಯದ ಆಕಾರ, ನಡುವೆ ನೀರು ನಿಲ್ಲುವ ಗುಳಿ. ಕೆಸು.

ನಾನು ಚಮಚ ಕೆಳಗಿಟ್ಟೆ. ಗಂಡ ಚಿತ್ರವನ್ನು ನೋಡಿದರು, ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. “ಒಂದು ಕೆಲಸ ಮಾಡುವ. ನೀನು ತಿನ್ನು. ನಾನು ಹತ್ತು ನಿಮಿಷ ನೋಡ್ತೇನೆ. ಇಲ್ಲಿ ಮೊಸರು ಸಿಗ್ತದಾ ಕೇಳಿಕೊಳ್ಳುವುದು ಒಳ್ಳೆಯದು.”

“ಇದಕ್ಕೆ ಹುಣಸೆಹಣ್ಣು ಎಷ್ಟು ಹಾಕಿದ್ದೀರಿ?” ಎಂದು ಅಡುಗೆಯಾಕೆಯನ್ನು ಕೇಳಿದೆ.

“ಹುಣಸೆಹಣ್ಣಾ? ಅದು ಸಾರಿಗೆ ಹಾಕುವುದಲ್ಲವಾ? ಇದಕ್ಕೆ ಯಾರಾದರೂ ಹಾಕ್ತಾರಾ?”

“ನಿಂಬೆಹಣ್ಣು?”

“ಇಲ್ಲ.”

ಹುಳಿಯೇ ಇಲ್ಲದ ಕೆಸು. ನನ್ನ ಗಂಟಲು ತಿನ್ನುವ ಮೊದಲೇ ತುರಿಸತೊಡಗಿತು. ಆಕೆ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದರು. ಅಡುಗೆ ಮಾಡಿದವರು ಹಾಗೆ ನಿಂತು ಕಾಯುವಾಗ ಎದೆಯಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ತಿಂದೆ. ಮೊದಲು ಕಾಯಿಹಾಲಿನ ಸಿಹಿ, ಆಮೇಲೆ ಶುಂಠಿ, ಆಮೇಲೆ ಒಣಸಿಗಡಿಯ ಉಪ್ಪು, ಎಲ್ಲದರ ಹಿಂದಿನಿಂದ ನಿಧಾನಕ್ಕೆ ಏರುವ ಮೆಣಸಿನ ಖಾರ. ಸೊಪ್ಪು ಬೆಣ್ಣೆಯ ಹಾಗೆ ಕರಗಿತು. ಕಾದೆ. ಹತ್ತು ನಿಮಿಷವಾಯಿತು. ಗಂಟಲಿನಲ್ಲಿ ಒಂದು ಇರುವೆಯೂ ಹರಿಯಲಿಲ್ಲ. ಅಷ್ಟರಲ್ಲಿ ಬಟ್ಟಲು ನನ್ನ ಗಂಡನ ಎದುರು ಇತ್ತು. ಅವರು ಯಾವಾಗ ಎಳೆದುಕೊಂಡರೋ ನಾನು ನೋಡಲಿಲ್ಲ.

ನಾನು ಆಕೆಗೆ ಪಿನ್ನರ್‌ನ ಕಥೆಯನ್ನೆಲ್ಲ ಹೇಳಿದೆ, ಮೊಸರಿನ ಬಟ್ಟಲುಗಳ ಸಮೇತ, ಪೇಪರ್ ಪ್ಲೇಟಿನ ಸಮೇತ. ಸ್ವಂತ ಅತ್ತಿಗೆಯ ಹತ್ತಿರ ಎರಡು ವರ್ಷ ಎತ್ತದ ಮಾತು, ಹೆಸರೂ ಗೊತ್ತಿಲ್ಲದ ಹೆಂಗಸಿನ ಹತ್ತಿರ ಹೊರಗೆ ಬಂತು. ಆಕೆ ಮೊದಲು ಮೇಜು ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: “ನನ್ನ ಅತ್ತೆ ಮೊದಲ ದಿನವೇ ನನ್ನಿಂದ ಇದನ್ನೇ ಮಾಡಿಸಿದ್ದು. ಎಲ್ಲರ ಗಂಟಲೂ ತುರಿಸಿತು. ಆಮೇಲೆ ಒಂದು ವರ್ಷ ನನಗೆ ಅನ್ನ ಮಾಡುವ ಕೆಲಸ ಮಾತ್ರ. ನಾಳೆ ಬೆಳಗಿನ ತಿಂಡಿ ಮುಗಿದ ಮೇಲೆ ಬನ್ನಿ ಮೇಡಂ. ಸಿಬ್ಬಂದಿಯ ಊಟಕ್ಕೆ ಇದನ್ನೇ ಮಾಡುವುದುಂಟು. ಒಳಗೆ ಬಿಡುವ ಹಾಗಿಲ್ಲ, ಬಡಿಸುವ ಕಟ್ಟೆಯಲ್ಲಿ ಹೊರಗಿನಿಂದ ನಿಂತು ನೋಡಬಹುದು.”

ಮರುದಿನ ನಾನು ಹಾಸಿಗೆ ಸರಿಮಾಡಲು ಮರೆತು ಕೆಳಗೆ ಓಡಿದೆ.

ಆಕೆ ಬಳಸಿದ್ದು ಹಸಿ ಎಲೆಯಲ್ಲ, ಒಣಗಿಸಿ ಚೂರು ಮಾಡಿದ್ದು, ಪ್ಯಾಕೆಟಿನಲ್ಲಿ ಸಿಗುತ್ತದೆ. ಅಗಲ ಪಾತ್ರೆಯಲ್ಲಿ ಕಾಯಿಹಾಲು, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಒಣಸಿಗಡಿ. ಕುದಿ ಬಂದ ಮೇಲೆ ಒಣ ಎಲೆಯನ್ನು ಮೇಲಿನಿಂದ ಹರಡಿ, ಸೌಟಿನ ಬೆನ್ನಿನಿಂದ ಒಮ್ಮೆ ಒತ್ತಿದರು. ಆಮೇಲೆ ಸೌಟನ್ನು ತೆಗೆದು ದೂರ ಇಟ್ಟು ಕೈಕಟ್ಟಿ ನಿಂತರು.

ಹಾಲು ಕುದಿಯಿತು. ಅಂಚಿನಲ್ಲಿ ನೊರೆ ಎದ್ದಿತು. ಕಾಯಿಹಾಲು ಒಲೆಯ ಮೇಲಿದ್ದರೆ ಕೈಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಇದು ನಾನು ಅಕ್ಷರ ಕಲಿಯುವ ಮೊದಲೇ ಕಲಿತದ್ದು. ದೊಡ್ಡಮ್ಮ ಒಲೆಯ ಮುಂದೆ ಕೂರಿಸಿ, ಸೌಟು ಕೈಗೆ ಕೊಟ್ಟು, “ನಿಲ್ಲಿಸಿದೆಯೋ, ಗೊತ್ತಾಯಿತಲ್ಲ?” ಎಂದು ಹಿತ್ತಲಿಗೆ ಹೋಗುತ್ತಿದ್ದರು. ಆ ಕೈಗೆ ಈಗ ಅರವತ್ತು ವರ್ಷದ ಅಭ್ಯಾಸ. ಕಟ್ಟೆಯ ಮೇಲಿನಿಂದ ಅದು ತಾನಾಗಿಯೇ ಮುಂದೆ ಹೋಗಿ ಸೌಟು ಹಿಡಿಯಿತು.

ಆಕೆ ಪಟ್ಟೆಂದು ನನ್ನ ಕೈಗೆ ಒಂದು ಕೊಟ್ಟರು. “ಕೈ ಹಿಂದೆ, ಮೇಡಂ!”

“ಹಾಲು ಒಡೀತದೆ!”

“ಒಡೆಯಲಿ. ಒಡೆದು ಎಣ್ಣೆ ಬಿಡಲಿ. ಹಾಲೆಲ್ಲ ಎಲೆಯೊಳಗೆ ಇಳಿಯುವವರೆಗೆ ಮುಟ್ಟಬಾರದು. ಮುಟ್ಟಿದರೆ ತುರಿಸ್ತದೆ.”

ಅದು ಯಾಕೆ ಹಾಗೆ ಎಂದು ಕೇಳಿದೆ. ಆಕೆಗೂ ಗೊತ್ತಿರಲಿಲ್ಲ. ಅವರ ಅತ್ತೆ ಹೇಳಿದ್ದಂತೆ. ನನ್ನ ದೊಡ್ಡಮ್ಮನೂ ಯಾವುದಕ್ಕೂ ಕಾರಣ ಹೇಳಿದವರಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು ಶಾಲೆಯ ಹುಡುಗಿಯ ಹಾಗೆ ಮುಕ್ಕಾಲು ಗಂಟೆ ನಿಂತೆ. ಮೇಲೆ ಕೋಣೆಯಲ್ಲಿ ಅದೇ ಮುಕ್ಕಾಲು ಗಂಟೆ ಗಂಡ ಬಿಸಿನೀರಿನ ಕೊನೆಯ ಪರೀಕ್ಷೆ ನಡೆಸಿದ್ದರು. ತಿರುಗಿ ಬಂದಾಗ ಹಾಸಿಗೆಯನ್ನು ಬೇರೆ ಯಾರೋ ಸರಿಮಾಡಿದ್ದರು. ಆರು ದಿಂಬೂ ನೇರವಾಗಿ ನಿಂತಿದ್ದವು, ನಾನು ನಿಲ್ಲಿಸಿದ್ದಕ್ಕಿಂತ ಚೆನ್ನಾಗಿ.

ಜುಲೈಯಲ್ಲಿ ಮುಂದಿನ ಊಟದ ಪಟ್ಟಿ ಬಂತು. ನನ್ನ ಎದುರು ಪ್ಲೇಟು, ಲೋಟ. ಅದರ ಕೆಳಗೆ ನಾನು ‘ಕೆಸುವಿನ ಸೊಪ್ಪಿನ ಒಂದು ಬಗೆ ತರುತ್ತೇನೆ’ ಎಂದು ಬರೆದೆ. ಸಂಜೆ ಅತ್ತಿಗೆಯ ಫೋನು.

“ಕೆಸು ಅಂತ ಬರೆದಿದ್ದೀಯಲ್ಲ, ಬೆರಳು ತಪ್ಪಿತಾ?”

“ಇಲ್ಲ ಅತ್ತಿಗೆ. ಕೆಸುವೇ.”

“ಮಾರಾಯ್ತಿ, ಜನ ಬರಬೇಕಾ ಬೇಡವಾ?”

“ಎಲ್ಲರಿಗಿಂತ ಮೊದಲು ನಾನೇ ತಿಂದು ತೋರಿಸ್ತೇನೆ.”

“ನೀನು ತಿಂದರೆ ಎಂತ ಆಯಿತು? ನಿನ್ನ ಗಂಟಲು ನಿನ್ನ ಪರವಾಗಿಯೇ ಹೇಳ್ತದೆ.” ಆಮೇಲೆ ತಾವೇ ಒಪ್ಪಿದರು. “ಸರಿ, ತಾ. ಪ್ಲೇಟೂ ತಾ.”

ಆ ಬೆಳಿಗ್ಗೆ ನನ್ನ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಸಸ್ಯಾಹಾರಿಗಳು ಇದ್ದುದರಿಂದ ಸಿಗಡಿ ಬಿಟ್ಟು, ಉಳಿದದ್ದೆಲ್ಲ ಹೇಸ್‌ನಲ್ಲಿ ನೋಡಿದ ಪ್ರಕಾರ ಮಾಡಿ, ಎಲೆ ಹರಡಿ ಒತ್ತಿದ ಮೇಲೆ ಸೌಟನ್ನು ಗಂಡನ ಕೈಗೆ ಕೊಟ್ಟು, ಮಹಡಿಯ ಹೊಸ ಬಾತ್‌ರೂಮಿಗೆ ಹೋಗಿ ತೊಟ್ಟಿಯ ಅಂಚಿನಲ್ಲಿ ಕೂತೆ.

“ನೊರೆ ಬರ್ತಾ ಉಂಟು!” ಎಂದು ಕೆಳಗಿನಿಂದ ಕೂಗಿದರು.

“ಮುಟ್ಟಬೇಡಿ!”

“ಹಾಲು ಒಡೀತಾ ಉಂಟು ಮಾರಾಯ್ತಿ!”

“ಒಡೆಯಲಿ! ಸೌಟು ಕೆಳಗಿಡಿ!”

ಹೊಸ ಟೈಲುಗಳ ಸಂದಿನಲ್ಲಿ ಒಂದು ಕಡೆ ಬಿಳಿ ಸಿಮೆಂಟು ಸ್ವಲ್ಪ ವಾರೆಯಾಗಿತ್ತು. ಅದನ್ನೇ ನೋಡುತ್ತ ಕೂತಿದ್ದೆ. ಎಣ್ಣೆ ಬಿಟ್ಟಿತು ಎಂಬ ಸುದ್ದಿ ಬಂದ ಮೇಲೆ ಕೆಳಗಿಳಿದೆ.

ಪಿನ್ನರ್‌ನಲ್ಲಿ ತೋಟದ ಮೇಜಿನ ಮೇಲೆ ನನ್ನ ಪಾತ್ರೆಯನ್ನು ಎಲ್ಲದರ ಕೊನೆಗೆ ಇಟ್ಟಿದ್ದರು. ಧಾರವಾಡದ ಡಾಕ್ಟರು ಅದನ್ನು ಕಂಡವರೇ, “ಅಕ್ಕಾರ, ಮೊಸರು ಎಲ್ಲಿ ಇಟ್ಟೀರಿ, ಮೊದಲ ಅದನ್ನ ಹೇಳಿಬಿಡ್ರಿ” ಎಂದರು. ಎಲ್ಲ ನಕ್ಕರು. ನಾನೂ ನಕ್ಕೆ. ಬೆಂಗಳೂರಿನ ಆ ಹುಳಿಯ ತರುಣನೂ ಅಲ್ಲಿದ್ದ, ಬರಿಗೈಯಲ್ಲಿ. ಸ್ವೀಟಿನ ಡಬ್ಬವನ್ನು ಟ್ಯೂಬ್ ರೈಲಿನ ಸೀಟಿನ ಮೇಲೆ ಬಿಟ್ಟು ಇಳಿದಿದ್ದನಂತೆ.

ಯಾರೂ ಪಾತ್ರೆಯ ಹತ್ತಿರ ಬರಲಿಲ್ಲ. ಅತ್ತಿಗೆ ಬಂದರು. ನಾನೇ ತಂದ ಪೇಪರ್ ಪ್ಲೇಟೊಂದನ್ನು ಎತ್ತಿಕೊಂಡು, ಒಂದು ಚಮಚ ಹಾಕಿಕೊಂಡು, ನಿಂತಲ್ಲೇ ತಿಂದರು. ಆಮೇಲೆ ಕೈಗಡಿಯಾರ ನೋಡಿದರು, ರೋಗಿಯ ನಾಡಿ ಹಿಡಿದು ನೋಡುವ ಹಾಗೆಯೇ. ಪಕ್ಕದ ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದ ಯಂತ್ರದ ಸದ್ದು ಮಾತ್ರ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಅದು ಗೊತ್ತಾದದ್ದು ಆಮೇಲೆ.

“ಹುಳಿ ಇಲ್ಲ” ಎಂದರು ಅತ್ತಿಗೆ.

“ಇದಕ್ಕೆ ಹುಳಿ ಇಲ್ಲ ಅತ್ತಿಗೆ.”

“ಹುಳಿ ಇಲ್ಲದೆ ಹೇಗೆ ತುರಿಸಲಿಲ್ಲ?”

“ಕೈಯಾಡಿಸಲಿಲ್ಲ.”

ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಪ್ಲೇಟು ಮುಂದೆ ಹಿಡಿದರು. “ಹಾಕು. ಒಂದು ಚಮಚದಲ್ಲಿ ಎಂತ ಗೊತ್ತಾಗ್ತದೆ?” ಹಿಂದಿನಿಂದ ಧಾರವಾಡದ ಡಾಕ್ಟರು, “ನನಗೂ ಒಂಚೂರು ಇರಲಿ, ಮೊಸರು ಹೆಂಗೂ ಐತಿ” ಎನ್ನುತ್ತ ಸಾಲಿಗೆ ಬಂದರು. ಮೂರು ಗಂಟೆಯ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು.

ಅಕ್ಟೋಬರಿನ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ‘ಆ ಹೋಟೆಲಿನ ಕೆಸು’ ಎಂದಿತ್ತು. ಪತ್ರೊಡೆ ಎಂದಿರಲಿಲ್ಲ. ಅದು ತಿರುಗಿ ಬರಲಿಕ್ಕೆ ಇನ್ನೂ ಸಮಯ ಬೇಕು, ಅತ್ತಿಗೆಯ ಸ್ವಭಾವ ನನಗೆ ಗೊತ್ತು. ಪೇಪರ್ ಪ್ಲೇಟು, ಲೋಟ ಯಾರ ಎದುರು ಇದೆಯೆಂದು ನೋಡುವಷ್ಟರಲ್ಲಿ ಫೋನು ಬಡಿಯಿತು. ಬೆಂಗಳೂರಿನ ತರುಣ.

“ಆಂಟಿ, ಈ ಪ್ಲೇಟು ಎಲ್ಲ ನೀವು ಎಲ್ಲಿ ತಗೋತಿದ್ರಿ?”

“ಎಲ್ಲಿಯೂ ತೆಗೆದುಕೊಳ್ಳಬೇಡ. ನಮ್ಮ ಮನೆಗೆ ಬಾ. ಮೆಟ್ಟಿಲಿನ ಕೆಳಗೆ ಎರಡು ವರ್ಷದ್ದು ಉಳಿದದ್ದು ಉಂಟು.”